‘ಯೂನಿಯನ್‌ನವರೇ ಊರು ಮುಳುಗಿಸಿದರು’ ಎಂಬ ಮಾತನ್ನು ಪರೀಕ್ಷಿಸುವ ಬಗೆ: ಕೆಜಿಎಫ್ ಉದಾಹರಣೆ

ಗಣಿಯೋ ಕಾರ್ಖಾನೆಯೋ ಮುಚ್ಚಿಹೋದ ಊರಿನ ಚರಿತ್ರೆ ಬರೆಯಲು ಹೊರಟವರಿಗೆ ಚಹಾದಂಗಡಿಯಲ್ಲೇ ಒಂದು ಸಿದ್ಧ ಉತ್ತರ ಸಿಗುತ್ತದೆ: ‘ಯೂನಿಯನ್‌ನವರೇ ಮುಳುಗಿಸಿದರು.’ ಪಕ್ಕದ ಬೆಂಚಿನವರು ‘ಯೂನಿಯನ್ ಅಲ್ಲ ಸ್ವಾಮಿ, ಎಂಎಲ್‌ಎಗಳು’ ಎನ್ನುತ್ತಾರೆ. ಎರಡನ್ನೂ ಬರೆದುಕೊಳ್ಳಿ, ಯಾವುದನ್ನೂ ಅಲ್ಲಿಯೇ ನಂಬಬೇಡಿ. ಈ ಮಾತುಗಳನ್ನು ದಾಖಲೆಗೆ ಒರೆಹಚ್ಚುವುದು ಹೇಗೆ ಎಂಬುದನ್ನು ಕೋಲಾರ ಚಿನ್ನದ ಗಣಿಯನ್ನು, ಅಂದರೆ ಕೆಜಿಎಫ್ ಅನ್ನು, ಮುಂದಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ. ದಾವಣಗೆರೆಯ ಹತ್ತಿಗಿರಣಿಗಳಿಗಾಗಲಿ ಭದ್ರಾವತಿಯ ಕಾರ್ಖಾನೆಗಳಿಗಾಗಲಿ ಇದೇ ಕ್ರಮ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಒಗ್ಗುತ್ತದೆ.

ಮೊದಲ ಕೆಲಸ, ಸಂಘವನ್ನು ಸಂಪೂರ್ಣ ಬದಿಗಿಟ್ಟು ಉದ್ಯಮದ ಜಾತಕವನ್ನಷ್ಟೇ ಒಂದು ಹಾಳೆಯಲ್ಲಿ ಇಳಿಸುವುದು. ಕೆಜಿಎಫ್‌ನ ಹಾಳೆಯಲ್ಲಿ 1880ರಲ್ಲಿ ಜಾನ್ ಟೇಲರ್ ಕಂಪನಿಯ ಪ್ರವೇಶ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು, 1956ರ ರಾಷ್ಟ್ರೀಕರಣ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಸ್ಥಾಪನೆ, 1992ರಲ್ಲಿ ರೋಗಗ್ರಸ್ತ ಉದ್ಯಮವೆಂದು ಬಿಐಎಫ್‌ಆರ್ (ನಷ್ಟದಲ್ಲಿದ್ದ ಕಂಪನಿಗಳ ಪುನಶ್ಚೇತನಕ್ಕಿದ್ದ ಕೇಂದ್ರದ ಮಂಡಳಿ) ಮುಂದೆ ನಿಂತದ್ದು, 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದ್ದು, ಇಷ್ಟು ಬರಬೇಕು. ಅದರ ಪಕ್ಕದ ಕಾಲಂನಲ್ಲಿ ಅದಿರಿನ ಸತ್ವ ಬರೆಯಿರಿ. ಆರಂಭದ ಕಾಲದಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂಗೂ ಮೀರಿ ಚಿನ್ನ ಕೊಟ್ಟ ಗಣಿ ಕೊನೆಯ ಹೊತ್ತಿಗೆ ಬೆರಳೆಣಿಕೆಯ ಗ್ರಾಂಗಳಿಗೆ ಇಳಿದಿತ್ತು. ಆ ಅಲ್ಪ ಚಿನ್ನಕ್ಕಾಗಿ ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಇಳಿಯಬೇಕಿತ್ತು, ಬಂಡೆಯ ಶಾಖವೇ 60 ಡಿಗ್ರಿ ಸೆಲ್ಸಿಯಸ್ ದಾಟುವ ಆಳದಲ್ಲಿ ಗಾಳಿ ತಂಪು ಮಾಡಿ ಕಳಿಸಬೇಕಿತ್ತು. ಮೂರನೆಯ ಕಾಲಂ ಬೆಲೆಯದು. ರಾಷ್ಟ್ರೀಕರಣದ ನಂತರ ಬಹುಕಾಲ ಇಲ್ಲಿನ ಚಿನ್ನವನ್ನು ಸರ್ಕಾರ ದೇಶದೊಳಗಿನ ಪೇಟೆ ದರಕ್ಕಲ್ಲ, ಅದಕ್ಕಿಂತ ಬಹಳ ಕಡಿಮೆಯಿದ್ದ ಅಂತಾರಾಷ್ಟ್ರೀಯ ಅಧಿಕೃತ ದರಕ್ಕೆ ಪಡೆಯುತ್ತಿತ್ತು. ಹಾಗಾಗಿ ಲೆಕ್ಕಪುಸ್ತಕದ ‘ನಷ್ಟ’ದಲ್ಲಿ ಎಷ್ಟು ಪಾಲು ಬಂಡೆಯದು, ಎಷ್ಟು ದೆಹಲಿಯದು, ಎಷ್ಟು ಕೂಲಿಯದು ಎಂದು ಬಿಡಿಸದೆ ಸಂಘದ ಕಡೆ ಬೆರಳು ತೋರಿಸಲಾಗದು. ಈ ಹಾಳೆ ತಯಾರಾದ ಮೇಲೆ ಚಹಾದಂಗಡಿಯ ಮಾತಿನ ತೂಕ ಅರ್ಧದಷ್ಟು ಇಳಿಯುತ್ತದೆ ಎಂಬುದು ನನ್ನ ಅನುಭವ.

ಎರಡನೆಯ ಹಾಳೆ ಕಾರ್ಮಿಕರದು. ಇಲ್ಲಿ ಬಹುಪಾಲು ಬರಹಗಾರರು ಸಂಘ ನೋಂದಣಿಯಾದ ದಿನದಿಂದ ಕಥೆ ಶುರುಮಾಡಿ ಎಡವುತ್ತಾರೆ. ಕೆಜಿಎಫ್‌ನಲ್ಲಿ 1930ರಲ್ಲಿ ಬೆರಳಚ್ಚು ಕೊಡಬೇಕೆಂಬ ನಿಯಮದ ವಿರುದ್ಧ ಸಾವಿರಾರು ಮಂದಿ ಸುಮಾರು ಮೂರು ವಾರ ಕೆಲಸ ನಿಲ್ಲಿಸಿದಾಗ ಅಲ್ಲಿ ಮಾನ್ಯತೆ ಪಡೆದ ಸಂಘವೆಂಬುದೇ ಇರಲಿಲ್ಲ. ಕಳ್ಳರಿಂದ ಪಡೆಯುವ ಹಾಗೆ ನಮ್ಮಿಂದ ಬೆರಳಚ್ಚು ಪಡೆಯುವುದೇ ಎಂಬ ಅವಮಾನವೇ ಅವರನ್ನು ಒಗ್ಗೂಡಿಸಲು ಸಾಕಾಗಿತ್ತು. 1946ರ ನವೆಂಬರ್ 4ರ ಪೊಲೀಸ್ ಗೋಲಿಬಾರಿನಲ್ಲಿ ಆರು ಕಾರ್ಮಿಕರು ಸತ್ತದ್ದನ್ನು, 1947ರಲ್ಲಿ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯಾದ ಸಿಲಿಕೋಸಿಸ್ ಕುರಿತ ಭಾರತದ ಮೊದಲ ವರದಿ ಇದೇ ಗಣಿಯಿಂದ ಬಂದದ್ದನ್ನು ಒಂದರ ಕೆಳಗೊಂದು ಬರೆದರೆ, ಬೇಡಿಕೆಗಳು ಸಂಬಳಕ್ಕಷ್ಟೇ ಸೀಮಿತವಾಗಿರಲು ಸಾಧ್ಯವೇ ಇರಲಿಲ್ಲ ಎಂಬುದು ತಾನಾಗಿ ಕಾಣುತ್ತದೆ.

ದಾಖಲೆ ಎಲ್ಲಿ ಹುಡುಕಬೇಕು ಎಂಬುದರಲ್ಲಿ ಒಂದು ಸೂಕ್ಷ್ಮವಿದೆ. 1926ರ ಕಾರ್ಮಿಕ ಸಂಘಗಳ ಕಾಯಿದೆಯ ಪ್ರಕಾರ ನೋಂದಾಯಿತ ಸಂಘಗಳು ವರ್ಷವರ್ಷವೂ ಸದಸ್ಯಸಂಖ್ಯೆ ಮತ್ತು ಜಮಾಖರ್ಚಿನ ವಿವರವನ್ನು ರಾಜ್ಯದ ರಿಜಿಸ್ಟ್ರಾರರಿಗೆ ಸಲ್ಲಿಸಬೇಕಿತ್ತು. ಆದರೆ ಗಣಿಯ ಕೈಗಾರಿಕಾ ವಿವಾದಗಳು ಕೇಂದ್ರ ಸರ್ಕಾರದ ವ್ಯಾಪ್ತಿಗೆ ಸೇರುವುದರಿಂದ ಸಂಧಾನದ ಕಡತಗಳನ್ನು ರಾಜ್ಯದ ಕಾರ್ಮಿಕ ಇಲಾಖೆಯಲ್ಲಿ ಹುಡುಕಿ ಪ್ರಯೋಜನವಿಲ್ಲ, ಕೇಂದ್ರದ ಕಾರ್ಮಿಕ ಆಯುಕ್ತರ ಕಚೇರಿಗೇ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ನಾನು ತಪ್ಪು ಕಚೇರಿಗೆ ಅರ್ಜಿ ಹಾಕಿ ನಾಲ್ಕು ತಿಂಗಳು ಕಾದದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಸದಸ್ಯಸಂಖ್ಯೆ ಕೈಗೆ ಬಂದ ಮೇಲೆ ಎಲ್ಲ ಸಂಘಗಳ ಅಂಕಿಯನ್ನೂ ಕೂಡಿಸಿ, ಆ ವರ್ಷದ ಹಾಜರಿಪಟ್ಟಿಯ ಒಟ್ಟು ಸಂಖ್ಯೆಯೊಂದಿಗೆ ಹೋಲಿಸಿ ನೋಡಿ. ಕೂಡಿದ ಮೊತ್ತ ಹಾಜರಿಯನ್ನು ಮೀರಿದರೆ ಯಾರೋ ಉಬ್ಬಿಸಿ ಬರೆದಿದ್ದಾರೆಂದು ಅರ್ಥ, ಇಲ್ಲವೇ ಒಬ್ಬನೇ ಎರಡು ಸಂಘಕ್ಕೆ ಚಂದಾ ಕೊಡುತ್ತಿದ್ದಾನೆ.

ಸ್ಥಳೀಯ ರಾಜಕಾರಣದ ಹಾಳೆಗೆ ಚುನಾವಣಾ ಆಯೋಗದ ಫಲಿತಾಂಶಗಳೇ ಸಾಕು, ಆದರೆ ಗೆದ್ದವರ ಹೆಸರನ್ನಲ್ಲ, ಪಕ್ಷವನ್ನು ನೋಡಿ. ಕೆಜಿಎಫ್ ಕ್ಷೇತ್ರ 1983ರಲ್ಲಿ ಅಣ್ಣಾ ಡಿಎಂಕೆಯನ್ನು, 1985ರಲ್ಲಿ ಸಿಪಿಎಂ ಅನ್ನು, 1994ರಲ್ಲಿ ರಿಪಬ್ಲಿಕನ್ ಪಕ್ಷವನ್ನು, 1999ರಲ್ಲಿ ಮತ್ತೆ ಅಣ್ಣಾ ಡಿಎಂಕೆಯನ್ನು ಗೆಲ್ಲಿಸಿತು. ಬಹುಪಾಲು ತಮಿಳು ಮಾತಾಡುವ ದಲಿತ ಕಾರ್ಮಿಕರ ಊರು ತನ್ನದೇ ದಾರಿ ಹಿಡಿದಿತ್ತು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಈಗ ಅದೇ ವರ್ಷಗಳ ಎದುರಿಗೆ ಬೆಂಗಳೂರಿನಲ್ಲಿ ಯಾರಿದ್ದರು, ದೆಹಲಿಯಲ್ಲಿ ಯಾರಿದ್ದರು ಎಂದು ಬರೆಯಿರಿ. ಗಣಿ ಮುಚ್ಚಿದ 2001ರಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ ಸರ್ಕಾರವಿತ್ತು, ದೆಹಲಿಯಲ್ಲಿ ವಾಜಪೇಯಿ ಸರ್ಕಾರವಿತ್ತು. ಕೆಜಿಎಫ್ ಶಾಸಕರ ಪಕ್ಷವಾದರೋ ಎರಡು ವರ್ಷ ಹಿಂದೆ ಅದೇ ವಾಜಪೇಯಿಯವರ ಹಿಂದಿನ ಸರ್ಕಾರವನ್ನು ಬೀಳಿಸಿದ್ದ ಪಕ್ಷ. ಊರಿನ ಪರವಾಗಿ ಯಾವ ಬಾಗಿಲು ತಟ್ಟಬಹುದಿತ್ತು ಎಂಬ ಪ್ರಶ್ನೆ ಇಲ್ಲಿ ಹುಟ್ಟುತ್ತದೆ, ಮತ್ತು ‘ಎಂಎಲ್‌ಎಗಳು ಮಾರಿಕೊಂಡರು’ ಎಂಬ ಆರೋಪಕ್ಕಿಂತ ಇದು ನನಗೆ ಹೆಚ್ಚು ಫಲವತ್ತಾದ ಪ್ರಶ್ನೆಯಾಗಿ ತೋರುತ್ತದೆ.

ಈ ಮೂರು ಹಾಳೆಗಳನ್ನು ಹಿಡಿದುಕೊಂಡ ಮೇಲಷ್ಟೇ ಗಣಿಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಿಗೆ ಹೋಗಿ. ಬೆಂಗಳೂರಿನಿಂದ ಕೆಜಿಎಫ್‌ಗೆ ಬರುವ ಮಾರಿಕುಪ್ಪಂ ರೈಲನ್ನು ಬೆಳಿಗ್ಗೆ ಹತ್ತಿದರೆ ಎದುರು ದಿಕ್ಕಿನಲ್ಲಿ ಕಿಕ್ಕಿರಿದು ಬೆಂಗಳೂರಿಗೆ ಕೂಲಿಗೂ ಕಚೇರಿಗೂ ಹೋಗುವ ಗಣಿಕಾರ್ಮಿಕರ ಮಕ್ಕಳು ಕಾಣುತ್ತಾರೆ. ಪಟ್ಟಣದ ಇಳಿಗಾಲವನ್ನು ಕುರಿತು ಬರೆಯುವವರು ಆ ಬೋಗಿಗಳನ್ನೂ ಎಣಿಸಬೇಕು. ತಮಿಳು ಬಾರದಿದ್ದರೆ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಯಾಕೆಂದರೆ ಹಳೆಯ ಕರಪತ್ರಗಳೂ ತಮಿಳಿನಲ್ಲೇ ಇವೆ. ‘ಯೂನಿಯನ್ ಒಳ್ಳೆಯದೋ ಕೆಟ್ಟದ್ದೋ’ ಎಂದು ಕೇಳಿದರೆ ಭಾಷಣ ಸಿಗುತ್ತದೆ. ಅದರ ಬದಲು ಯಾವ ಶಾಫ್ಟು, ಯಾವ ಪಾಳಿ, ಕೇಜಿನಲ್ಲಿ ಇಳಿಯಲು ಎಷ್ಟು ಹೊತ್ತು, ಎಸ್‌ಟಿಬಿಪಿ (ಗಣಿ ಮುಚ್ಚಿದಾಗ ಕಾರ್ಮಿಕರಿಗೆ ಕೊಟ್ಟ ವಿಶೇಷ ಪರಿಹಾರ) ಹಣ ಕೈಗೆ ಬಂದಾಗ ಮೊದಲು ಯಾವ ಸಾಲ ತೀರಿಸಿದಿರಿ ಎಂದು ಕೇಳಿ. ಒಬ್ಬ ಹಿರಿಯರು ನನ್ನ ಮುಂದೆ ಟ್ರಂಕು ತೆರೆದು, ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಹಿತ್ತಾಳೆಯ ಟೋಕನ್ ತೆಗೆದು, ಅಂಕಿ ಸವೆದಿದ್ದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜುತ್ತ ತಮ್ಮ ನಂಬರನ್ನು ನೋಡದೆಯೇ ಹೇಳಿದರು. ಅದೇ ಟ್ರಂಕಿನ ತಳದಲ್ಲಿ ಎರಡು ಬೇರೆ ಬೇರೆ ಸಂಘಗಳ ಚಂದಾ ರಸೀದಿಗಳಿದ್ದವು. ಎರಡೂ ಒಂದೇ ತಿಂಗಳಿನವು.

ಇಸವಿಯ ವಿಷಯದಲ್ಲಿ ಮಾತ್ರ ಯಾರ ನೆನಪನ್ನೂ ನೆಚ್ಚಬೇಡಿ. ಗಣಿಯವರು ಕಾಲವನ್ನು ಕ್ಯಾಲೆಂಡರಿನಿಂದ ಎಣಿಸುವುದಿಲ್ಲ. ‘ದೊಡ್ಡ ಏರ್‌ಬ್ಲಾಸ್ಟ್ (ನೆಲದಡಿ ಬಂಡೆ ಸಿಡಿಯುವುದು) ಆದ ಮೇಲಿನ ವರ್ಷ’, ‘ಮಗಳು ಹುಟ್ಟುವ ಮುಂಚೆ’ ಎನ್ನುತ್ತಾರೆ. ಇಬ್ಬರು ಹೇಳಿದ ಮುಷ್ಕರ ಒಂದೇ ಎಂದುಕೊಂಡು ನಾನು ಒಂದು ಪುಟ ಬರೆದಿದ್ದೆ. ಕರಡನ್ನು ಅವರ ಜಗುಲಿಯಲ್ಲೇ ಓದಿಸಿದಾಗ, ಒಳಗೆ ಅಕ್ಕಿ ಆರಿಸುತ್ತಿದ್ದ ಅಜ್ಜಿ ತಲೆ ಎತ್ತದೆ, ‘ಅದು ಬೇರೆ, ಇದು ಬೇರೆ, ಮೊದಲನೆಯದರಲ್ಲಿ ಅಂಗಡಿಯವರು ಸಾಲ ಕೊಟ್ಟರು, ಎರಡನೆಯದರಲ್ಲಿ ಕೊಡಲಿಲ್ಲ’ ಎಂದರು. ಆ ಪುಟವನ್ನು ಹರಿದುಹಾಕಿ, ದಿನಸಿ ಅಂಗಡಿಯ ಹಳೆಯ ಸಾಲದ ಪುಸ್ತಕ ಉಳಿದಿದೆಯೇ ಎಂದು ವಿಚಾರಿಸಲು ಹೊರಟೆ.