ನೇಚರ್ ಸೆಂಟರ್ ಅಂದರೆ ಬರೀ ವಾಕಿಂಗ್ ಅಲ್ಲ: ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡದ ಮನೆಗಳಿಗೆ

ಇಲ್ಲಿಗೆ ಬಂದ ಹೊಸದರಲ್ಲಿ ನಾವೂ ಒಂದು ಭಾನುವಾರ ನೇಚರ್ ಸೆಂಟರ್‌ಗೆ ಹೋಗಿದ್ದೆವು. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಎರಡು ಆಮೆ, ಒಂದು ಹಾವು. ಹೊರಗೆ ಕಾಡಿನ ದಾರಿ. ಅರ್ಧ ಮೈಲಿ ನಡೆದೆವು, ನಾಲ್ಕು ಫೋಟೊ ತೆಗೆದೆವು, ‘ಇಷ್ಟೇನಾ’ ಅಂದುಕೊಂಡು ವಾಪಸ್ ಬಂದೆವು. ಆಮೇಲೆ ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ತಪ್ಪು ನಮ್ಮದೇ. ಬಾಗಿಲ ಪಕ್ಕದಲ್ಲೇ ಆ ತಿಂಗಳ ಕಾರ್ಯಕ್ರಮಗಳ ಪಟ್ಟಿ ನೇತುಹಾಕಿದ್ದರು. ನಾವು ಓದಲೇ ಇಲ್ಲ.

ಇದು ಮೃಗಾಲಯ ಅಲ್ಲ, ಬರೀ ಪಾರ್ಕೂ ಅಲ್ಲ. ಸುತ್ತಲಿನ ಕಾಡು, ಪ್ರಾಣಿ, ಹಕ್ಕಿಗಳ ಬಗ್ಗೆ ಜನರಿಗೆ ತೋರಿಸಿ ಹೇಳಿಕೊಡುವ ಜಾಗ. ಕೆಲವನ್ನು ಕೌಂಟಿ (ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತ) ನಡೆಸುತ್ತದೆ, ಕೆಲವನ್ನು ಲಾಭಕ್ಕಲ್ಲದ ಸಂಸ್ಥೆಗಳು, ಕೆಲವನ್ನು ಯೂನಿವರ್ಸಿಟಿಗಳು. ನಡೆಯುವ ದಾರಿ ಬಹಳ ಕಡೆ ಪುಕ್ಕಟೆ. ಆದರೆ ಇದರ ಜೀವ ಇರೋದು ಅಲ್ಲಿನ ನ್ಯಾಚುರಲಿಸ್ಟ್‌ಗಳು, ಅಂದರೆ ಕಾಡು-ಪ್ರಾಣಿಗಳ ಬಗ್ಗೆ ತಿಳಿದು ಹೇಳಿಕೊಡುವವರು, ನಡೆಸುವ ಕಾರ್ಯಕ್ರಮಗಳಲ್ಲಿ. ಅದಕ್ಕೇ ಹೇಳೋದು, ಹತ್ತು ಜಾಗ ಸುತ್ತಬೇಡಿ. ಮನೆಗೆ ಹತ್ತಿರದ ಒಂದನ್ನೇ ಹಿಡಿದು ವರ್ಷವಿಡೀ ಹೋಗಿ.

ಮೊದಲು ಪಟ್ಟಿ ಓದುವುದನ್ನು ಕಲಿಯಬೇಕು. ‘ಡ್ರಾಪ್-ಇನ್’ ಅಂದರೆ ಹೇಳದೆ ಕೇಳದೆ ಹೋಗಬಹುದು. ‘ಡ್ರಾಪ್-ಆಫ್’ ಅಂದರೆ ಮಗುವನ್ನು ಬಿಟ್ಟು ನೀವು ಹೊರಡಬೇಕು. ಇವೆರಡನ್ನು ಅದಲುಬದಲು ಮಾಡಿಕೊಂಡು ಬಾಗಿಲಲ್ಲಿ ಪೆಚ್ಚುಮೋರೆ ಹಾಕಿಕೊಂಡು ನಿಂತವರಲ್ಲಿ ನಾನೂ ಒಬ್ಬಳು. ಪುಟ್ಟ ಮಕ್ಕಳ ಕಥೆ-ಹಾಡಿನ ತರಗತಿಗಳಲ್ಲಿ ಸಾಮಾನ್ಯವಾಗಿ ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು. ಫೋನ್ ನೋಡುತ್ತಾ ಮೂಲೆಯಲ್ಲಿ ಕೂರುವ ಹಾಗಿಲ್ಲ, ಕಪ್ಪೆ ಥರ ನೀವೂ ಕುಪ್ಪಳಿಸಬೇಕು. ‘ರಿಜಿಸ್ಟ್ರೇಷನ್ ರಿಕ್ವೈರ್ಡ್’ ಅಂತ ಇದ್ದರೆ ಹೆಸರು ಬರೆಸದೆ ಹೋಗಬೇಡಿ. ಹೋಗಿ ರಿಕ್ವೆಸ್ಟ್ ಮಾಡಿಕೊಂಡರೆ ಆಗುತ್ತೆ ಅನ್ನೋ ನಮ್ಮ ಲೆಕ್ಕಾಚಾರ ಇಲ್ಲಿ ನಡೆಯೋದು ಕಷ್ಟ. ‘ರೇನ್ ಆರ್ ಶೈನ್’ ಅಂದರೆ ಮಳೆ ಬಂದರೂ ನಡೆಯುತ್ತದೆ. ನಿಜವಾಗ್ಲೂ ನಡೆಯುತ್ತದೆ. ಸಿಡಿಲಿದ್ದರೆ ಮಾತ್ರ ನಿಲ್ಲಿಸುತ್ತಾರೆ. ಬರಲು ಆಗದಿದ್ದರೆ ಮೊದಲೇ ತಿಳಿಸಿಬಿಡಿ, ವೇಟ್‌ಲಿಸ್ಟ್‌ನಲ್ಲಿ ಇನ್ನೊಂದು ಮಗು ಕಾಯುತ್ತಿರುತ್ತದೆ.

ನಾವು ಹೆಸರು ಬರೆಸಿ ಹೋದ ಮೊದಲ ಕಾರ್ಯಕ್ರಮ ‘ಔಲ್ ಪ್ರೌಲ್’, ಅಂದರೆ ರಾತ್ರಿ ಕಾಡಲ್ಲಿ ನಡೆದು ಗೂಬೆ ಹುಡುಕುವುದು. ಅಮ್ಮನಿಗೆ ಫೋನಲ್ಲಿ ಹೇಳಿದಾಗ ‘ದುಡ್ಡು ಕೊಟ್ಟು ಗೂಬೆ ನೋಡೋಕೆ ಹೋಗ್ತೀರಾ?’ ಅಂದರು. ಹೋದೆವು. ಮಗನ ಕಾಲಲ್ಲಿ ಹೆಜ್ಜೆ ಇಟ್ಟರೆ ದೀಪ ಹತ್ತುವ ಶೂ! ಕತ್ತಲಲ್ಲಿ ಇಪ್ಪತ್ತು ಜನ ಉಸಿರು ಬಿಗಿಹಿಡಿದು ನಿಂತಿದ್ದರೆ ಇವನ ಕಾಲು ಮಾತ್ರ ಕೆಂಪು-ಹಸಿರು ಮಿಣಮಿಣ. ನ್ಯಾಚುರಲಿಸ್ಟ್ ಬೈಯಲಿಲ್ಲ. ಜೇಬಿಂದ ದಪ್ಪ ಟೇಪ್ ತೆಗೆದು ಎರಡೂ ಶೂಗೆ ಪಟ್ಟಿ ಸುತ್ತಿದರು, ಅಷ್ಟೆ. ಇಂಥವರು ಪ್ರತಿ ಸಲ ಒಬ್ಬರಾದರೂ ಬರ್ತಾರೆ ಅಂತ ಆ ಟೇಪ್ ನೋಡಿದ ಮೇಲೆ ಗೊತ್ತಾಯಿತು. ಸರಸರ ಸದ್ದು ಮಾಡುವ ಜಾಕೆಟ್ಟೂ ಬೇಡ. ಬಾರ್ಡ್ ಔಲ್ ಕೂಗುವುದು ‘ಹೂ ಕುಕ್ಸ್ ಫಾರ್ ಯೂ’ ಅಂದ ಹಾಗೆ ಕೇಳುತ್ತದೆ ಅಂತ ಇಲ್ಲಿನವರು ಹೇಳಿಕೊಡುತ್ತಾರೆ. ಮಗ ಮನೆಗೆ ಬಂದು ಅಜ್ಜಿಗೆ ಫೋನ್ ಮಾಡಿ ‘ಗೂಬೆ ನಮ್ಮನೇಲಿ ಅಡುಗೆ ಯಾರು ಮಾಡ್ತಾರೆ ಅಂತ ಕೇಳ್ತು’ ಅಂದ. ಅಮ್ಮನಿಗೆ ಆಮೇಲೆ ಗೂಬೆ ಮೇಲೆ ಅಷ್ಟು ಸಿಟ್ಟಿಲ್ಲ.

ಹಿಮ ಬೀಳುವ ಉತ್ತರದ ಕಡೆ ಇದ್ದರೆ ಫೆಬ್ರವರಿ-ಮಾರ್ಚ್‌ನ ಮೇಪಲ್ ಶುಗರಿಂಗ್, ಅಂದರೆ ಮೇಪಲ್ ಮರದ ರಸ ಇಳಿಸಿ ಸಿರಪ್ ಕಾಯಿಸುವುದನ್ನು, ಬಿಡಲೇಬೇಡಿ. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಕರಗುವಷ್ಟು ಬಿಸಿಲು, ಹೀಗೆ ಆದಾಗ ಶುಗರ್ ಮೇಪಲ್ ಮರದೊಳಗೆ ಒತ್ತಡ ಏರಿಳಿದು ರಸ ಹರಿಯುತ್ತದೆ. ಕಾಂಡಕ್ಕೆ ಸಣ್ಣ ತೂತು ಕೊರೆದು, ನಳಿಕೆ ಸಿಕ್ಕಿಸಿ, ಬಕೆಟ್ ನೇತುಹಾಕುತ್ತಾರೆ. ತೂತು ಕೊರೆಯಲು ಮಕ್ಕಳ ಕೈಗೇ ಡ್ರಿಲ್ ಕೊಡುತ್ತಾರೆ. ರಸ ನೋಡಲು ನೀರಿನ ಹಾಗೇ. ನಾಲಿಗೆಗೆ ಹಾಕಿಕೊಂಡರೆ ಎಳನೀರಿಗಿಂತ ಸಪ್ಪೆ. ಸಕ್ಕರೆ ಅಂಶ ಸುಮಾರು 2 ಪರ್ಸೆಂಟ್ ಅಷ್ಟೆ. ಹೆಚ್ಚುಕಮ್ಮಿ 40 ಲೀಟರ್ ರಸ ಕುದಿಸಿದರೆ 1 ಲೀಟರ್ ಸಿರಪ್.

ಒಂದು ವರ್ಷ ಅಪ್ಪ ಮಾರ್ಚ್‌ನಲ್ಲೇ ಬಂದಿದ್ದರು. ಮಂಡ್ಯ ಕಡೆಯವರು. ಚಳಿಗೆ ಮಂಕಿ ಕ್ಯಾಪ್ ಹಾಕಿಕೊಂಡು, ‘ಏನಿದು ಕರ್ಮ’ ಅಂತ ಗೊಣಗುತ್ತಾ ಹಿಂದೆ ಬರುತ್ತಿದ್ದರು. ಕುದಿಸುವ ಷೆಡ್ಡಿನ ಬಾಗಿಲು ತೆರೆದಾಗ ಹಬೆ ಮುಖಕ್ಕೆ ರಾಚಿತು. ಅಪ್ಪ ನಿಂತೇಬಿಟ್ಟರು. ‘ಆಲೆಮನೆ!’ ಅಂದರು. ಕೊಪ್ಪರಿಗೆ ಬದಲು ಚಪ್ಪಟೆ ಸ್ಟೀಲ್ ಬಾಣಲೆ, ಕೆಳಗೆ ಸೌದೆ ಒಲೆ, ಮೇಲೆ ನೊರೆ. ನೊರೆ ಉಕ್ಕಿ ಬಂದಾಗ ಅಲ್ಲಿನ ಹೆಂಗಸು ಒಂದು ಚೂರು ಬೆಣ್ಣೆ ಹಾಕಿದರು, ನೊರೆ ಇಳಿಯಿತು. ‘ನಾವು ಹರಳೆಣ್ಣೆ ಬಿಡ್ತೀವಿ ಅಂತ ಹೇಳು’ ಅಂದರು ಅಪ್ಪ. ಹೇಳಿದೆ. ಸಿರಪ್ಪಿನ ಹದ ಸುಮಾರು 104 ಡಿಗ್ರಿ ಸೆಲ್ಸಿಯಸ್‌ಗೆ. ಆಕೆ ಥರ್ಮಾಮೀಟರ್ ಕಡೆ ನೋಡುವ ಮುಂಚೆಯೇ, ಸೌಟಿನಿಂದ ಇಳಿಯುವ ಪಾಕ ಹನಿಹನಿಯಾಗಿ ಬೀಳದೆ ತೆಳ್ಳಗೆ ಪರದೆಯ ಹಾಗೆ ಜಾರಿದ್ದು ನೋಡಿ ಅಪ್ಪ ‘ಬಂತು’ ಅಂದರು. ಸರಿಯಾಗೇ ಇತ್ತು. ಆಮೇಲೆ ಆಕೆ ಅಪ್ಪನನ್ನು ಮುಂದೆ ಕರೆದು ಮಕ್ಕಳಿಗೆ ಬೆಲ್ಲದ ಕಥೆ ಹೇಳಿಸಿದರು. ನೂರು ಕೆಜಿ ಕಬ್ಬು ಅರೆದರೆ ಹತ್ತು ಕೆಜಿ ಬೆಲ್ಲ, ನಿಮ್ಮ ಮರ ಬಹಳ ಜಿಪುಣ, ಅಂತ ಅಪ್ಪ ಹೇಳಿದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸಿದೆ. ಊರಿಂದ ಬಂದ ಅಪ್ಪ-ಅಮ್ಮ ಮನೆಯೊಳಗೆ ಟಿವಿ ಮುಂದೆ ಕೂತು ದಿನ ಎಣಿಸುತ್ತಿದ್ದರೆ ಇಂಥ ಕಡೆ ಕರೆದುಕೊಂಡು ಹೋಗಿ. ಗಾಲಿಕುರ್ಚಿ ಹೋಗುವಂಥ ಸಮತಟ್ಟು ದಾರಿ, ಮಧ್ಯೆ ಬೆಂಚು ಇವೆಯಾ ಅಂತ ಮೊದಲೇ ಕೇಳಿಕೊಂಡರೆ ಒಳ್ಳೆಯದು.

ಉಳಿದದ್ದು ಬೇಗ ಹೇಳಿಬಿಡ್ತೀನಿ. ಏಪ್ರಿಲ್-ಮೇನಲ್ಲಿ ಗಾರ್ಲಿಕ್ ಮಸ್ಟರ್ಡ್ ಕೀಳುವ ಕಾರ್ಯಕ್ರಮ. ಯೂರೋಪಿಂದ ಬಂದು ಇಲ್ಲಿನ ಕಾಡು ತುಂಬಿಕೊಂಡ ಕಳೆ, ಎಲೆ ಹೊಸಕಿದರೆ ಬೆಳ್ಳುಳ್ಳಿ ವಾಸನೆ. ‘ಕೀಳಬೇಡ’ ಅಂತಲೇ ಕೇಳಿ ಬೆಳೆದ ಮಕ್ಕಳಿಗೆ ಬೇರು ಸಮೇತ ಕೀಳುವುದು ಹಬ್ಬ. ಬೇಸಿಗೆಯಲ್ಲಿ ಬಲೆ ಹಿಡಿದು ಕೊಳದ ಹುಳ ನೋಡುವುದು, ಮಿಂಚುಹುಳದ ರಾತ್ರಿ. ಕೊಳಕ್ಕೆ ಚಪ್ಪಲಿಯಲ್ಲಿ ಹೋಗಬೇಡಿ, ನನ್ನದೊಂದು ಕೆಸರಲ್ಲೇ ಉಳಿಯಿತು. ಸೆಪ್ಟೆಂಬರ್ ಹೊತ್ತಿಗೆ ಮೊನಾರ್ಕ್ ಚಿಟ್ಟೆಯ ರೆಕ್ಕೆಗೆ ಬಿಂದಿ ಗಾತ್ರದ ನಂಬರಿನ ಸ್ಟಿಕರ್ ಹಚ್ಚಿ ಬಿಡುತ್ತಾರೆ. ಚಿಟ್ಟೆ ಎಲ್ಲಿಗೆ ಹೋಯಿತು ಅಂತ ತಿಳಿಯಲು ಕಾನ್ಸಾಸ್ ಯೂನಿವರ್ಸಿಟಿಯ ಮೊನಾರ್ಕ್ ವಾಚ್ ಅನ್ನೋ ತಂಡ 1992ರಿಂದ ನಡೆಸುತ್ತಿರುವ ಕೆಲಸ ಇದು. ಅದೇ ಚಿಟ್ಟೆ ಮೆಕ್ಸಿಕೋದ ಬೆಟ್ಟಗಳ ತನಕ ಹಾರಬಹುದು. ಅಕ್ಟೋಬರ್ ಕೊನೆಗೆ ಹೆದರಿಸದ ಹ್ಯಾಲೋವೀನ್ ನಡಿಗೆ, ಚಿಕ್ಕ ಮಕ್ಕಳಿಗೆ ಮಾಲ್‌ಗಿಂತ ಇದೇ ವಾಸಿ. 1900ರಲ್ಲಿ ಶುರುವಾದ ಕ್ರಿಸ್‌ಮಸ್ ಹಕ್ಕಿ ಎಣಿಕೆ ಡಿಸೆಂಬರ್ 14ರಿಂದ ಜನವರಿ 5ರ ಒಳಗೆ. ಅಷ್ಟು ಚಳಿ ಬೇಡ ಅಂದರೆ ಫೆಬ್ರವರಿಯ ಹಿತ್ತಲ ಹಕ್ಕಿ ಎಣಿಕೆ ಇದೆ. ಕಿಟಕಿ ಪಕ್ಕ ಕಾಫಿ ಹಿಡಿದು 15 ನಿಮಿಷ ಎಣಿಸಿದರೂ ಲೆಕ್ಕಕ್ಕೆ ಬರುತ್ತದೆ. ಟೆಕ್ಸಸ್, ಕ್ಯಾಲಿಫೋರ್ನಿಯಾದವರು ಮೇಪಲ್ ಇಲ್ಲ ಅಂತ ಬೇಜಾರಾಗಬೇಡಿ. ಫೋರ್ಟ್ ವರ್ತ್ ನೇಚರ್ ಸೆಂಟರ್‌ನಲ್ಲಿ ಬೈಸನ್‌ಗಳ (ಅಮೆರಿಕದ ಕಾಡೆಮ್ಮೆ) ಹಿಂಡೇ ಇದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಡೆಯವರಿಗೆ ಕಯೋಟಿ ಹಿಲ್ಸ್ ಪಾರ್ಕ್ ಪಕ್ಕದಲ್ಲೇ ಇದೆ ಅಲ್ವಾ?

ಇನ್ನು ಮೂರು ಎಚ್ಚರಿಕೆ. ನವಿಲುಗರಿ ಪುಸ್ತಕದಲ್ಲಿಟ್ಟರೆ ಮರಿ ಹಾಕುತ್ತೆ ಅಂತ ಕಾದು ಕೂತವರು ನಾವು. ಇಲ್ಲಿ ಕಾಡಲ್ಲಿ ಬಿದ್ದ ನೀಲಿ ಗರಿಯನ್ನು ಮಗು ಎತ್ತಿಕೊಂಡರೆ ನೋಡಿ ಅಲ್ಲೇ ಬಿಡಲು ಹೇಳಿ. 1918ರ ವಲಸೆ ಹಕ್ಕಿಗಳ ಕಾಯಿದೆ ಪ್ರಕಾರ ಇಲ್ಲಿನ ಹೆಚ್ಚಿನ ಕಾಡುಹಕ್ಕಿಗಳ ಗರಿಯನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ, ತಾನಾಗಿ ಉದುರಿದ್ದಾದರೂ ಸರಿ. ಎರಡನೆಯದು ಪಾಯ್ಸನ್ ಐವಿ. ಬಿಲ್ವಪತ್ರೆ ಹಾಗೆ ಮೂರೆಲೆ, ಆದರೆ ಮುಟ್ಟಿದರೆ ಅದರ ಎಣ್ಣೆಯಿಂದ ಗುಳ್ಳೆ ಎದ್ದು ವಾರಗಟ್ಟಲೆ ತುರಿಕೆ. ಮುಟ್ಟಿದ್ದು ಗೊತ್ತಾದರೆ ತಕ್ಷಣ ಸೋಪು ಹಾಕಿ ತೊಳೆಯಿರಿ.

ಮೂರನೆಯದು ಉಣ್ಣಿ, ಹಸುವಿನ ಕಿವಿಯಲ್ಲಿ ನೋಡಿದ್ದೀವಲ್ಲ, ಅದರ ನೆಂಟ. ಇಲ್ಲಿನ ಡಿಯರ್ ಟಿಕ್‌ನ ಮರಿ ಗಸಗಸೆ ಕಾಳಿನಷ್ಟು. ಲೈಮ್ ಕಾಯಿಲೆ ಇದರಿಂದಲೇ. ಉದ್ದ ಪ್ಯಾಂಟ್ ಹಾಕಿ ಕಾಲುಚೀಲದೊಳಗೆ ಸಿಕ್ಕಿಸಿ, ಫ್ಯಾಷನ್ ನಾಳೆ ಮಾಡಿದರಾಯ್ತು. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಒಗೆಯುವ ಮುಂಚೆ ಡ್ರೈಯರ್‌ನ ಜಾಸ್ತಿ ಬಿಸಿಯಲ್ಲಿ 10 ನಿಮಿಷ ಓಡಿಸಿ. ಮಕ್ಕಳ ಕಿವಿ ಹಿಂದೆ, ಕಂಕುಳು, ಮಂಡಿ ಹಿಂದೆ, ಕೂದಲ ಬುಡ ನೋಡಿ. ಕಚ್ಚಿಕೊಂಡಿದ್ದರೆ ಚಿಮುಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಉಪ್ಪು, ಹೊಗೆಸೊಪ್ಪು, ಬೆಂಕಿಕಡ್ಡಿ ಏನೂ ಬೇಡ. ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಕಚ್ಚಿಕೊಂಡಿದ್ದರೆ ಮಾತ್ರ ಲೈಮ್ ಕಾಯಿಲೆ ದಾಟುತ್ತದೆ, ಅದಕ್ಕೇ ಅವತ್ತೇ ನೋಡುವುದು ಮುಖ್ಯ. ಆಮೇಲೆ ಜ್ವರವೋ, ಹರಡುವ ಕೆಂಪು ಗುರುತೋ ಕಂಡರೆ ಡಾಕ್ಟರಿಗೆ ತೋರಿಸಿ.

ಊಟದ ವಿಷಯಕ್ಕೆ ಬಂದರೆ, ಕ್ಯಾಂಪ್‌ಫೈರ್ ಕಾರ್ಯಕ್ರಮದಲ್ಲಿ ಎಲ್ಲ ಮಕ್ಕಳಿಗೂ ಸ್ಮೋರ್ಸ್ (ಬೆಂಕಿಯಲ್ಲಿ ಸುಟ್ಟ ಮಾರ್ಷ್‌ಮ್ಯಾಲೋ ಮಿಠಾಯಿಯನ್ನು ಚಾಕೊಲೇಟ್ ಜೊತೆ ಬಿಸ್ಕತ್ತಿನ ನಡುವೆ ಇಟ್ಟಿದ್ದು) ಕೊಡುತ್ತಾರೆ. ಮಾಮೂಲಿ ಮಾರ್ಷ್‌ಮ್ಯಾಲೋದಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಗಳಿಂದ ತೆಗೆದದ್ದು. ಸಸ್ಯಾಹಾರಿಗಳಾಗಿದ್ದರೆ ವೀಗನ್ ಮಾರ್ಷ್‌ಮ್ಯಾಲೋ ಒಂದು ಪೊಟ್ಟಣ ಬ್ಯಾಗಲ್ಲಿ ಇಟ್ಟುಕೊಂಡು ಹೋಗಿ. ಬೆಂಕಿ ಮುಂದೆ ನಿಂತ ಮಗುವಿಗೆ ‘ಬೇಡ’ ಅನ್ನೋದಕ್ಕಿಂತ ಇದು ಸುಲಭ. ಹಾಗೇ, ಹಾವಿಗೆ ಊಟ ಕೊಡುವುದನ್ನು ತೋರಿಸುವ ದಿನ ಸತ್ತ ಇಲಿಯನ್ನೇ ಕೊಡುತ್ತಾರೆ. ಮಗುವಿಗೆ ಮೊದಲೇ ಹೇಳಿರಿ.

ಹತ್ತು ಮನೆಯವರು ಡಬ್ಬಿ ಕಟ್ಟಿಕೊಂಡು ಒಟ್ಟಿಗೆ ಹೋಗುವ ಅಭ್ಯಾಸ ನಮ್ಮದು. ತಪ್ಪಲ್ಲ, ಆದರೆ ಗುಂಪಿಗೆ ಬೇರೆ ಬುಕಿಂಗ್ ಇರುತ್ತದೆ, ಕೇಳಿ ಹೋಗಿ. ಸ್ಪೀಕರಿನಲ್ಲಿ ಹಾಡು ಮಾತ್ರ ದಯವಿಟ್ಟು ಬೇಡ.

ದುಡ್ಡಿನ ಲೆಕ್ಕ: ವರ್ಷಕ್ಕೆ ನಾಲ್ಕೈದು ಕಾರ್ಯಕ್ರಮಕ್ಕಾದರೂ ಹೋಗ್ತೀವಿ ಅಂತಿದ್ದರೆ ಫ್ಯಾಮಿಲಿ ಮೆಂಬರ್‌ಶಿಪ್ ಲಾಭವಾ ಅಂತ ಕೂಡಿಸಿ ನೋಡಿ. ಕೌಂಟಿ ನಡೆಸುವ ಕಡೆ ಅಲ್ಲಿನ ನಿವಾಸಿಗಳಿಗೆ ಕಮ್ಮಿ ಇರಬಹುದು, ವಿಳಾಸ ಇರುವ ಕರೆಂಟ್ ಬಿಲ್ ಇಟ್ಟುಕೊಳ್ಳಿ. ಲೈಬ್ರರಿಯಲ್ಲೂ ಕೇಳಿ, ಪುಸ್ತಕದ ಹಾಗೇ ಪಾಸ್‌ಗಳನ್ನೂ ಎರವಲು ಕೊಡುವ ಲೈಬ್ರರಿಗಳಿವೆ.

ಮೆಂಬರ್‌ಶಿಪ್‌ನ ನಿಜವಾದ ಉಪಯೋಗ ಬೇಸಿಗೆ ಕ್ಯಾಂಪಿನದು. ಜೂನ್‌ನ ಕ್ಯಾಂಪಿಗೆ ಜನವರಿ-ಫೆಬ್ರವರಿಯಲ್ಲೇ ಹೆಸರು ಬರೆಸಬೇಕು, ಮೆಂಬರ್‌ಗಳಿಗೆ ಬಹಳ ಕಡೆ ಕೆಲವು ದಿನ ಮೊದಲೇ ಬಾಗಿಲು ತೆರೆಯುತ್ತದೆ. ನಾನು ಮೊದಲ ವರ್ಷ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗಿದ್ದನ್ನು ಮಧ್ಯಾಹ್ನ ಊಟ ಮಾಡಿ ನೋಡಿದೆ. ವೇಟ್‌ಲಿಸ್ಟ್‌ನಲ್ಲಿ 31ನೇ ನಂಬರ್. ಈಗ ಹಿಂದಿನ ರಾತ್ರಿಯೇ ಅಕೌಂಟ್ ತೆರೆದು, ಲಸಿಕೆಯ ವಿವರ, ಅಲರ್ಜಿ, ಎಮರ್ಜೆನ್ಸಿ ಫೋನ್ ನಂಬರ್ ಎಲ್ಲ ತುಂಬಿ, 8:55ಕ್ಕೆ ಅಲಾರಂ ಇಟ್ಟು ಮಲಗ್ತೀನಿ.