ಹೊರನಾಡಿನ ಕಾಕ್‌ಪಿಟ್‌ನಲ್ಲಿ ನಗೆಪಾಟಲಾಗದಿರಲು

ಕ್ರೂ ರೂಮಿನಲ್ಲಿ ಪೈಲಟ್‌ಗಳು ವರ್ಷಗಟ್ಟಲೆ ಹೇಳಿಕೊಂಡು ನಗುವ ಕಥೆಗಳಲ್ಲಿ ಬಿರುಗಾಳಿ, ಕೈಕೊಟ್ಟ ಎಂಜಿನ್ನು ಕಡಿಮೆ. ಬಹುಪಾಲು ಗಡಿಯಾರ, ಅಳತೆ, ಹೆಸರು, ಊಟದ ಡಬ್ಬಿಯವೇ. ಇಲ್ಲಿಂದ ಕೊಲ್ಲಿ ದೇಶಕ್ಕೋ ಪೂರ್ವ ಏಷ್ಯಾಕ್ಕೋ ಹೊಸದಾಗಿ ಕೆಲಸಕ್ಕೆ ಹೊರಟವರು ಎಲ್ಲಿ ಎಡವುತ್ತಾರೆ ಎಂಬುದು ಹೆಚ್ಚುಕಡಿಮೆ ಗೊತ್ತಿರುವ ಸಂಗತಿ.

ಶುರುವಾಗುವುದು ಹೆಸರಿನಿಂದ. ನಮ್ಮಲ್ಲಿ ಇನಿಷಿಯಲ್ ಅಂದರೆ ಊರು ಅಥವಾ ಅಪ್ಪ. ಪಾಸ್‌ಪೋರ್ಟಿನ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು ಬಿದ್ದಿದ್ದರೆ ಕ್ರೂ ಪಟ್ಟಿಯ ಪ್ರಕಾರ ವಿಮಾನ ಹಾರಿಸುವವರು ನಿಮ್ಮ ತಂದೆ. ಊರು ಬಿದ್ದಿದ್ದರೆ ಹಾಸನವೇ ಬಲಗಡೆ ಸೀಟಿನಲ್ಲಿ ಕೂತಿರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಬರುತ್ತದೆ. ‘ಮೊದಲ ಹೆಸರು ಗೊತ್ತಿಲ್ಲ’ ಎಂಬುದರ ಗಿಡ್ಡ ರೂಪ ಅದು. ಕೆಲವರು ಅದನ್ನೇ ಹೆಸರೆಂದುಕೊಂಡು ‘ಫ್ನು’ ಅಂತ ಕರೆಯುತ್ತಾರೆ. ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್, ಲೈಸೆನ್ಸ್, ಮೆಡಿಕಲ್, ಲಾಗ್‌ಬುಕ್ ನಾಲ್ಕನ್ನೂ ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಒಂದರಲ್ಲಿ ‘ತ’ಕ್ಕೆ ‘ಟಿಎಚ್’, ಇನ್ನೊಂದರಲ್ಲಿ ಬರೀ ‘ಟಿ’ ಇದ್ದರೂ ನಮ್ಮ ಲೈಸೆನ್ಸನ್ನು ಆ ದೇಶದ್ದಕ್ಕೆ ಬದಲಿಸಿಕೊಳ್ಳುವ ಕೆಲಸ ಅಲ್ಲೇ ನಿಲ್ಲಬಹುದು.

ಎರಡನೆಯದು ಗಡಿಯಾರ. ರೋಸ್ಟರ್ (ಡ್ಯೂಟಿ ಪಟ್ಟಿ) ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ, ಇದ್ದರೆ (ಪೈಲಟ್‌ಗಳ ಬಾಯಲ್ಲಿ ‘ಝುಲು’) ಮೊದಲು ತಾರೀಖು ಬದಲಿಸಿ, ಆಮೇಲೆ ಗಂಟೆ. 14ನೇ ತಾರೀಖು 2130 ಝುಲು ಎಂದರೆ ದುಬೈನಲ್ಲಿ 15ರ ಬೆಳಗಿನ ಜಾವ 1:30, ಬೆಂಗಳೂರಿನಲ್ಲಿ 3:00. ‘1:30’ ನೆನಪಿಟ್ಟುಕೊಂಡು ‘14’ನ್ನು ಹಾಗೇ ಬಿಟ್ಟವರು ಇಡೀ ಒಂದು ದಿನ ಮೊದಲೇ ಇಸ್ತ್ರಿ ಮಾಡಿದ ಯೂನಿಫಾರ್ಮ್ ತೊಟ್ಟು ಹಾಜರ್. ಇದು ವಾಸಿ. ‘15ರ ರಾತ್ರಿ’ ಎಂದುಕೊಂಡವರು ಬರುವಷ್ಟರಲ್ಲಿ ವಿಮಾನ ಹೋಗಿ ಬಂದು ತೊಳೆಸಿಕೊಂಡು ನಿಂತಿರುತ್ತದೆ. ಲೇಓವರ್‌ನಲ್ಲಿ, ಅಂದರೆ ಎರಡು ಹಾರಾಟಗಳ ನಡುವೆ ಹೊರಗಿನ ಊರಲ್ಲಿ ತಂಗುವಾಗ, ಇನ್ನೊಂದು ಕುಣಿಕೆ ಇದೆ. ಫೋನು ಫ್ಲೈಟ್ ಮೋಡ್‌ನಲ್ಲೇ ಉಳಿದರೆ ಹಿಂದಿನ ಊರಿನ ಸಮಯವನ್ನೇ ತೋರಿಸುತ್ತಿರಬಹುದು, ಅಲಾರಂ ಅದಕ್ಕೇ ಹೊಡೆಯುತ್ತದೆ. ಹೋಟೆಲಿನ ರಿಸೆಪ್ಷನ್‌ಗೂ ಎಬ್ಬಿಸಲು ಹೇಳಿಡಿ. ಕಠ್ಮಂಡುವಿಗೆ ಹೋಗುವವರು ನೆನಪಿಡಿ: ಅಲ್ಲಿ ನಮಗಿಂತ ಕಾಲು ಗಂಟೆ ಮುಂದೆ.

ಅಳತೆಗಳದ್ದೇ ದೊಡ್ಡ ಪುರಾಣ, ಸ್ವಲ್ಪ ನಿಧಾನವಾಗಿ ಓದಿ. ಎತ್ತರ ತೋರಿಸುವ ಅಲ್ಟಿಮೀಟರಿಗೆ ಹಾಕಬೇಕಾದ ಗಾಳಿಯ ಒತ್ತಡವನ್ನು ಅಮೆರಿಕದಲ್ಲಿ ಪಾದರಸದ ಇಂಚಿನಲ್ಲಿ ಕೊಡುತ್ತಾರೆ, ನಮ್ಮಲ್ಲೂ ಯುರೋಪಿನಲ್ಲೂ ಹೆಕ್ಟೊಪಾಸ್ಕಲ್‌ನಲ್ಲಿ. ಕಂಟ್ರೋಲರ್ ‘ನೈನ್ ನೈನ್ ಟೂ’ (992) ಅಂದಾಗ, ಅಮೆರಿಕದ ಅಭ್ಯಾಸವಿರುವ ಕೈ ತಾನಾಗಿ 29.92ಕ್ಕೆ ತಿರುಗಿಸಿಬಿಡುತ್ತದೆ. 29.92 ಇಂಚು ಅಂದರೆ 1013 ಹೆಕ್ಟೊಪಾಸ್ಕಲ್. 992ಕ್ಕೂ ಅದಕ್ಕೂ 21ರ ವ್ಯತ್ಯಾಸ. ಒಂದೊಂದಕ್ಕೆ ಸುಮಾರು 28 ಅಡಿಯಂತೆ ವಿಮಾನ ತಾನು ತೋರಿಸುವುದಕ್ಕಿಂತ 600 ಅಡಿಯಷ್ಟು ಕೆಳಗಿರುತ್ತದೆ. ಇದರಲ್ಲಿ ನಗುವಂಥದ್ದೇನಿಲ್ಲ. ಹಾಗಾಗಿ ಓದಿ ಹೇಳುವಾಗ ಅಂಕಿಯ ಜೊತೆ ‘ಹೆಕ್ಟೊಪಾಸ್ಕಲ್’ ಎಂಬ ಉದ್ದದ ಶಬ್ದವನ್ನೂ ಹೇಳಿ, ಇಳಿಯಲು ಶುರು ಮಾಡುವ ಮೊದಲು ಹವಾಮಾನದ ವರದಿಯ ಜೊತೆ ತಾಳೆ ನೋಡಿ.

ಚೀನಾದಲ್ಲಿ ಎತ್ತರವೇ ಮೀಟರಿನಲ್ಲಿ. 10,100 ಮೀಟರ್ ಅಂದರೆ ಕ್ಯಾಲ್ಕುಲೇಟರ್ 33,136 ಅಡಿ ಅನ್ನುತ್ತದೆ, ನೀವು ಹಾಕಬೇಕಾದದ್ದು 33,100. ಅವರ ಕೋಷ್ಟಕದಲ್ಲಿರುವುದು ಅದೇ. ಆಗ ಮೀಟರ್ ಡಿಸ್‌ಪ್ಲೇ 10,089 ತೋರಿಸುತ್ತದೆ. ಆ ಹನ್ನೊಂದು ಮೀಟರ್ ಸರಿಪಡಿಸಲು ಹೋಗುವ ಲೆಕ್ಕಪಕ್ಕಾ ಜನರಿಂದಲೇ ತೊಂದರೆ. ಕೋಷ್ಟಕವನ್ನು ಕಣ್ಣೆದುರಿಗೆ ಸಿಕ್ಕಿಸಿಕೊಳ್ಳಿ, ಮನಸ್ಸಿನಲ್ಲೇ ಗುಣಾಕಾರ ಬೇಡ.

ಇಂಧನಕ್ಕೆ ನಾಲ್ಕು ಅಳತೆ: ವಿಮಾನ ಕೇಳುವುದು ಕಿಲೋ, ಟ್ಯಾಂಕರಿನವರು ತುಂಬುವುದು ಲೀಟರ್, ಅಮೆರಿಕದಲ್ಲಿ ಪೌಂಡು ಮತ್ತು ಗ್ಯಾಲನ್. ಸಾಂದ್ರತೆ 0.80 ಇದ್ದರೆ 12,000 ಕಿಲೋಗೆ 15,000 ಲೀಟರ್. ಲೀಟರಿನ ಅಂಕಿ ಕಿಲೋದ ಅಂಕಿಗಿಂತ ಯಾವಾಗಲೂ ದೊಡ್ಡದಿರಬೇಕು. ಚಿಕ್ಕದಿದ್ದರೆ ಪೆನ್ನು ಕೆಳಗಿಡಿ, ಸಹಿ ಹಾಕಬೇಡಿ. 1983ರ ಜುಲೈನಲ್ಲಿ ಕೆನಡಾದ ಒಂದು ಬೋಯಿಂಗ್ 767ಕ್ಕೆ ಬೇಕಾಗಿದ್ದದ್ದು 22,300 ಕಿಲೋ. ಲೀಟರಿಗೆ 0.8ರ ಬದಲು ಪೌಂಡಿನ 1.77ರಿಂದ ಗುಣಿಸಿದ್ದರಿಂದ ಬಿದ್ದದ್ದು ಅದರ ಅರ್ಧಕ್ಕಿಂತ ಕಡಿಮೆ. ಎರಡೂ ಎಂಜಿನ್ ಆಕಾಶದಲ್ಲೇ ನಿಂತವು. ಕ್ಯಾಪ್ಟನ್‌ಗೆ ಗ್ಲೈಡರ್ ಹಾರಿಸಿ ಗೊತ್ತಿತ್ತು. ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಗೆ ತೇಲಿಸಿಕೊಂಡು ಬಂದರೆ, ಆ ರನ್‌ವೇಯಲ್ಲಿ ಅವತ್ತು ಕಾರ್ ರೇಸ್! ಯಾರ ಜೀವವೂ ಹೋಗಲಿಲ್ಲ, ಆದ್ದರಿಂದಲೇ ಇದನ್ನು ಇವತ್ತಿಗೂ ನಗುತ್ತಾ ಹೇಳಬಹುದು.

ಇನ್ನು ಮಾತು. ನಮ್ಮ ‘ವ’ದಲ್ಲಿ ಇಂಗ್ಲಿಷಿನ ಎರಡು ಅಕ್ಷರ ಅಡಗಿವೆ, ‘ವಿ’ಗೆ ‘ವಿಕ್ಟರ್’, ‘ಡಬ್ಲ್ಯು’ಗೆ ‘ವಿಸ್ಕಿ’ ಅಂದುಬಿಟ್ಟರೆ ಜಗಳವೇ ಇಲ್ಲ. ಒಂಬತ್ತಕ್ಕೆ ‘ನೈನರ್’, ಐದಕ್ಕೆ ‘ಫೈಫ್’, ಮೂರಕ್ಕೆ ‘ಟ್ರೀ’. ನಾಚಿಕೆ ಬೇಡ, ನಿಯಮವೇ ಹಾಗಿದೆ. ತಲೆ ಅಲ್ಲಾಡಿಸುವುದನ್ನು ಮಾತ್ರ ಊರಲ್ಲೇ ಬಿಟ್ಟು ಹೋಗಿ. ನಮ್ಮ ಅಡ್ಡ ತಲೆಯಾಟ ಪಕ್ಕದ ಐರಿಶ್ ಕ್ಯಾಪ್ಟನ್‌ಗೆ ಹೌದೋ ಅಲ್ಲವೋ ತಿಳಿಯುವುದಿಲ್ಲ, ಚೆಕ್‌ಲಿಸ್ಟಿಗೆ ಬಾಯಲ್ಲೇ ಉತ್ತರ ಕೊಡಬೇಕು. ‘ಸರ್’ ಅನ್ನೂ ಕಡಿಮೆ ಮಾಡಿ. ಇಳಿಯುವಾಗ ವಿಮಾನ ಸೆಕೆಂಡಿಗೆ ಸುಮಾರು 70 ಮೀಟರ್ ಓಡುತ್ತಿರುತ್ತದೆ. ‘ಎಕ್ಸ್‌ಕ್ಯೂಸ್ ಮಿ ಸರ್, ಐ ಥಿಂಕ್ ಸರ್’ ಮುಗಿಯುವಷ್ಟರಲ್ಲಿ 200 ಮೀಟರ್ ಹೋಯಿತು. ವೇಗ ತಪ್ಪಿದ್ದನ್ನು ಕ್ಯಾಪ್ಟನ್‌ಗೆ ಹೇಳಲು ‘ಸ್ಪೀಡ್’ ಅಂದರೆ ಸಾಕು. ಅದನ್ನು ಯಾರೂ ಅಗೌರವ ಅಂದುಕೊಳ್ಳುವುದಿಲ್ಲ.

ಹೋಟೆಲಿನ ವಿಷಯ ಚಿಕ್ಕದು. ರೂಮ್ ನಂಬರನ್ನು ಬಾಗಿಲ ಬಳಿಯೇ ಫೋಟೊ ತೆಗೆದಿಡಿ. ನಿನ್ನೆಯ ಊರಿನ 1412ರ ನೆನಪಿನಲ್ಲಿ ಇಂದು ಬೇರೆಯವರ ಬಾಗಿಲಿಗೆ ಕಾರ್ಡ್ ತುರುಕುವುದು ಬಹಳ ಸಾಮಾನ್ಯ. ಹಗಲು ಮಲಗುವಾಗ ಪರದೆಯ ನಡುವಿನ ಬೆಳಕಿನ ಗೆರೆಗೆ ಬೀರುವಿನಲ್ಲಿರುವ ಪ್ಯಾಂಟಿನ ಕ್ಲಿಪ್ ಹ್ಯಾಂಗರ್ ಸಿಕ್ಕಿಸಿ. ಮೊದಲಿದ್ದವರು ಇಟ್ಟುಹೋದ ಅಲಾರಂ ಇದೆಯೇ ನೋಡಿ ಆರಿಸಿ.

ಕೊನೆಗೆ ಡಬ್ಬಿ. ಆಸ್ಟ್ರೇಲಿಯಾದಲ್ಲಿ ಕ್ರೂ ಆದರೂ ತಿನ್ನುವ ಪದಾರ್ಥ ಇದ್ದರೆ ಬರೆದುಕೊಡಬೇಕು. ವಿಮಾನದಲ್ಲಿ ಕೊಟ್ಟ ಸೇಬನ್ನು ಚೀಲದಲ್ಲಿ ಮರೆತರೂ ಅದು ತಪ್ಪೇ. ಚಟ್ನಿಪುಡಿಗೂ ಅದೇ ನಿಯಮ. ಯುಎಇಗೆ ಹೋಗುವವರು ಗಸಗಸೆಯನ್ನು ಮುಟ್ಟಲೇಬೇಡಿ. ಅಲ್ಲಿ ಅದು ನಿಷಿದ್ಧ, ಕಸ್ಟಮ್ಸ್‌ನವರಿಗೆ ಪಾಯಸದ ವಿವರಣೆ ಹಿಡಿಸುವುದಿಲ್ಲ. ಇನ್ನೊಂದು ಕಾರಣವೂ ಇದೆ: ಗಸಗಸೆ ತಿಂದ ಮೇಲೆ ಮೂತ್ರ ಪರೀಕ್ಷೆಯಲ್ಲಿ ಅಫೀಮಿನ ಅಂಶ ಕಾಣಿಸಿಕೊಳ್ಳಬಹುದು, ಪೈಲಟ್‌ಗಳಿಗೆ ಆ ಪರೀಕ್ಷೆ ಹೇಳದೆ ಕೇಳದೆ ಬರುತ್ತದೆ. ರಜೆ ಮುಗಿಸಿ ಹೊರಡುವ ವಾರ ಹಬ್ಬದ ಪಾಯಸ ಬೇಡ. ಕಜ್ಜಾಯದ ಮೇಲೂ ಗಸಗಸೆ ಉದುರಿಸುವ ಮನೆಗಳಿವೆ, ಡಬ್ಬಿ ಕಟ್ಟುವ ಮೊದಲು ಅಮ್ಮನನ್ನು ಕೇಳಿ. ಎಳ್ಳಾದರೆ ತೊಂದರೆಯಿಲ್ಲ.