ಕಬ್ಬಿನ ಹಾಲು ಕಾಯಿಸಿ ಜೋನಿ ಬೆಲ್ಲ ಮಾಡುವಾಗ

ಸಂಕ್ರಾಂತಿ ಕಳೆದರೆ ಶಿರಸಿ ಕಡೆ ಆಲೆಮನೆ ಗಲಾಟೆ ಜೋರು. ನಮ್ಮದು ವರ್ಷದ ಮನೆಖರ್ಚಿಗಾಗುವಷ್ಟೇ ಕಬ್ಬು. ಪಕ್ಕದವರ ಗಾಣದಲ್ಲಿ ಹಿಂಡಿಸಿ ತಂದು, ಅಂಗಳದ ಒಲೆಯಲ್ಲೇ ಜೋನಿ ಬೆಲ್ಲ, ಅಂದರೆ ಅಚ್ಚು ಕಟ್ಟದ ನೀರು ಬೆಲ್ಲ, ಕಾಯಿಸುತ್ತೇನೆ.

ಹಾಲು ತಂದ ಕೂಡಲೇ ಬಟ್ಟೆಯಲ್ಲಿ ಸೋಸಿ ಒಲೆಗೇರಿಸಬೇಕು. ಬಿಸಿಲೇರುವವರೆಗೆ ಇಟ್ಟರೆ ಹುಳಿ ಬರುತ್ತದೆ.

ಮೊದಲು ಬೆಂಕಿ ಸಣ್ಣಗೆ. ಸುಣ್ಣದ ತಿಳಿ ಚೂರೇ ಚೂರು ಹಾಕುತ್ತೇನೆ. ಹಾಲಿನ ಹುಳಿ ಮುರಿದು ಕಸ ಒಟ್ಟಾಗಿ ಮೇಲೆ ಬರಲಿ ಅಂತ. ಜಾಸ್ತಿಯಾದರೆ ಬೆಲ್ಲ ಕಪ್ಪಾಗುತ್ತದೆ. ಬೆಂಡೆ ಗಿಡ ಜಜ್ಜಿ ನೆನೆಸಿದ ಲೋಳೆಯೂ ಇದೇ ಕೆಲಸ ಮಾಡುತ್ತದೆ. ಮಾಸಲು ಹಸಿರು ಬಣ್ಣದ ಕೆನೆಯಂಥ ಕಸ ಕಟ್ಟುತ್ತದೆ. ಅದನ್ನು ಕುದಿ ಬರುವ ಮೊದಲೇ ಜಾಲರಿ ಸಟ್ಟುಗದಲ್ಲಿ ತೆಗೆದುಬಿಡಬೇಕು. ಕುದಿ ಬಂತೋ, ಎಲ್ಲ ವಾಪಸ್ ಒಳಗೆ!

ಆಮೇಲೆ ಬೆಂಕಿ ಜೋರು ಮಾಡಿ. ಹಾಲಿನಲ್ಲಿ 100ಕ್ಕೆ 80 ಪಾಲು ನೀರೇ ಅಲ್ವಾ, ಅದು ಬೇಗ ಹೋಗಬೇಕು. ಸಣ್ಣ ಉರಿಯಲ್ಲಿ ತಾಸುಗಟ್ಟಲೆ ಕೂತರೆ ಬಣ್ಣ ಕೆಡುತ್ತದೆ. ಮುಚ್ಚಳ ಬೇಡವೇ ಬೇಡ. ನೊರೆ ಕೊಪ್ಪರಿಗೆಯ ಅಂಚಿಗೆ ಬಂದಾಗ ನಾಲ್ಕು ಹನಿ ತೆಂಗಿನೆಣ್ಣೆ ಬಿಟ್ಟರೆ ಇಳಿಯುತ್ತದೆ. ಇಳಿಯದಿದ್ದರೆ ಕಟ್ಟಿಗೆ ಹೊರಗೆಳೆಯಿರಿ. 'ಮೊಬೈಲು ನೋಡಡ, ಕೊಪ್ಪರಿಗೆ ನೋಡು' ಅಂತ ಆಯಿ ಈಗಲೂ ಕೂಗುತ್ತಾಳೆ.

ನೀರು ಹೋಗುತ್ತಾ ಬಂದಂತೆ ಬಿಳಿ ದೊಡ್ಡ ಗುಳ್ಳೆ ಹೋಗಿ, ಕೆಂಪು ಹಳದಿ ಸಣ್ಣ ಗುಳ್ಳೆ ಒತ್ತೊತ್ತಾಗಿ ಏಳುತ್ತದೆ. ಕುದಿಯ ಸದ್ದೂ ದಪ್ಪವಾಗುತ್ತದೆ. ಆಗ ಉರಿ ಇಳಿಸಿ, ತಳ ಹಿಡಿಯದಂತೆ ತಿರುವುತ್ತಲೇ ಇರಬೇಕು.

ಥರ್ಮಾಮೀಟರ್ ಇಟ್ಟುಕೊಂಡವರಿಗೊಂದು ಮಾತು. ಜೋನಿಗೆ 105–106 ಡಿಗ್ರಿ, ಅಚ್ಚಿನ ಬೆಲ್ಲಕ್ಕೆ 118ರ ಸುಮಾರು ಎನ್ನುತ್ತಾರೆ. ಅದು ಕಾರವಾರದಂಥ ಕಡಲ ಮಟ್ಟದ ಲೆಕ್ಕ. ಘಟ್ಟದ ಮೇಲೆ ಶಿರಸಿಯಲ್ಲಿ ನೀರೇ 98ಕ್ಕೆ ಕುದಿಯುತ್ತದೆ. ಹಾಗಾಗಿ ಇಲ್ಲಿ ಜೋನಿಗೆ 103–104 ಸಾಕು. ನಾನಂತೂ ಸಟ್ಟುಗ ಎತ್ತಿ ನೋಡುತ್ತೇನೆ. ಕೊನೆಯ ಹನಿ ತಟ್ಟನೆ ಬೀಳದೆ ಎಳೆದುಕೊಂಡು ಜೋತರೆ ಇಳಿಸುವುದೇ. ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ, ತುಸು ತೆಳ್ಳಗಿದ್ದಾಗಲೇ ಇಳಿಸಿದರೆ ಒಳ್ಳೆಯದು.

ಡಬ್ಬಿ ಒಣಗಿರಬೇಕು. ಒದ್ದೆ ಚಮಚ ಹಾಕಿದರೆ ಮಳೆಗಾಲದಲ್ಲಿ ಹುಳಿದು ನೊರೆ ಬರುತ್ತದೆ. ತಳದಲ್ಲಿ ಹರಳು ಕೂತರೆ ಗಾಬರಿ ಬೇಡ, ಅದು ಸಕ್ಕರೆಯೇ. ದೋಸೆಗೆ ಮೇಲಿನ ತಿಳಿ ಹಾಕಿಕೊಳ್ಳಿ, ಹರಳು ಪಾಯಸಕ್ಕಾಯಿತು.